ಪರದೇಶದಲ್ಲಿ ಗೊತ್ತಿಲ್ಲದ ಹುಳ, ಪ್ರಾಣಿ ಎದುರಾದರೆ: ನಮ್ಮೂರಿಂದ ಹೊರಟವರಿಗೆ ಸಮಗ್ರ ಮಾರ್ಗದರ್ಶಿ

ಶಿಡ್ಲಘಟ್ಟದ ಕಡೆ ‘ಹುಳ’ ಅಂದರೆ ರೇಷ್ಮೆ ಹುಳ, ಬೇರೆ ಅರ್ಥವೇ ಇಲ್ಲ. ನಾನು ಬೆಳೆದ ಮನೆಯಲ್ಲಿ ಮನುಷ್ಯರಿಗಿಂತ ಹುಳಕ್ಕೇ ಜಾಗ ಜಾಸ್ತಿ. ಹುಳ ನಾಲ್ಕನೇ ಜ್ವರ (ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದಿತೆಂದರೆ ಅಮ್ಮ ನಮಗೆ ಬಡಿಸುವುದನ್ನೂ ಮರೆತು ಸೊಪ್ಪು ಹಾಕಲು ಓಡುತ್ತಿದ್ದಳು. ಅಂಗೈ ತುಂಬ ಬಲಿತ ಹಣ್ಣುಹುಳ ತುಂಬಿಕೊಂಡು, ಗೂಡು ಕಟ್ಟುವ ಚಂದ್ರಿಕೆ ತಟ್ಟೆಗೆ ಬಿಟ್ಟವಳು ನಾನು. ನನಗೆಲ್ಲಿಯ ಹುಳದ ಭಯ? ಆ ಜಂಬದಲ್ಲೇ ಮದುವೆಯಾಗಿ ನ್ಯೂಜೆರ್ಸಿಗೆ ಹೋದೆ. ಮೂರು ವರ್ಷ ಅಲ್ಲಿ, ಆಮೇಲೆ ನಾಲ್ಕು ವರ್ಷ ಸಿಡ್ನಿಯಲ್ಲಿ.

ಹೋದ ಮೊದಲ ವಾರವೇ ಬಾತ್‌ರೂಮಿನ ಗೋಡೆಯ ಮೇಲೆ ಕೂದಲಿನಂಥ ಉದ್ದ ಕಾಲುಗಳ ಒಂದು ಜರಿ ಸರಸರ ಓಡಿದ್ದು ಕಂಡು ಕಟ್ಟಡಕ್ಕೆಲ್ಲ ಕೇಳುವಂತೆ ಕಿರುಚಿದೆ. ಅದು ಜಿರಲೆ ತಿಂದು ಬದುಕುವ ಪಾಪದ ಪ್ರಾಣಿ. ಅದೇ ಬೇಸಿಗೆಯಲ್ಲಿ ಮೊಣಕಾಲಿನ ಹಿಂದೆ ಅಂಟಿದ್ದ ಗಸಗಸೆ ಕಾಳಿನಷ್ಟು ಕಪ್ಪು ಚುಕ್ಕೆಯನ್ನು ‘ಏನೋ ಕಸ’ ಅಂತ ಎರಡು ದಿನ ಹಾಗೇ ಬಿಟ್ಟೆ. ಕಿರುಚಬೇಕಾಗಿದ್ದುದು ಅದಕ್ಕೆ.

ನಮ್ಮ ಭಯವೂ ಧೈರ್ಯವೂ ನಮ್ಮೂರಿನ ಜೀವಿಗಳನ್ನು ನೋಡಿ ಕಲಿತದ್ದು. ದೊಡ್ಡ ಕರಿಚೇಳಿಗಿಂತ ಸಣ್ಣ ಕೆಂಪು ಚೇಳು ಕೆಟ್ಟದ್ದು ಅಂತ ನಮ್ಮ ಹಳ್ಳಿಯ ಮಗುವಿಗೂ ಗೊತ್ತು. ಯಾರೂ ಪಾಠ ಮಾಡಿದ್ದಲ್ಲ. ವಿಮಾನ ಇಳಿದ ಮೇಲೆ ಆ ಲೆಕ್ಕ ನಡೆಯುವುದಿಲ್ಲ, ಹೊಸದಾಗಿ ಕಲಿಯಬೇಕು. ಈಗ ಚಿಕ್ಕಬಳ್ಳಾಪುರ, ಚಿಂತಾಮಣಿ, ಕೋಲಾರದ ಕಡೆಯಿಂದ ಹೋದ ಹುಡುಗ ಹುಡುಗಿಯರು ‘ಅಕ್ಕಾ, ಇದೇನು, ಕಚ್ಚುತ್ತಾ?’ ಅಂತ ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಾರೆ. ಒಬ್ಬೊಬ್ಬರಿಗೂ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಹೆಜ್ಜೆ 1: ಪೆಟ್ಟಿಗೆ ಕಟ್ಟುವಾಗ

ಮೊದಲು ನಿಮ್ಮ ಪೆಟ್ಟಿಗೆಯಲ್ಲಿ ಕೂತು ಹೋಗುವ ಜೀವಿಯ ಬಗ್ಗೆ ಯೋಚಿಸಿ. ಅಲ್ಲಿಯವರಿಗೆ ಅಪರಿಚಿತ ಹುಳ ಅಂದರೆ ನಮ್ಮದೇ. ಖಾಪ್ರಾ ಅಂತ ಒಂದು ದುಂಬಿ ಇದೆ, ಎಳ್ಳುಕಾಳಿನಷ್ಟು, ಹುಟ್ಟೂರು ಭಾರತವೇ ಅನ್ನುತ್ತಾರೆ. ಅದರ ಕೂದಲುಕೂದಲಿನ ಮರಿಹುಳು ಆಹಾರವಿಲ್ಲದೆಯೂ ವರ್ಷಗಟ್ಟಲೆ ಸಂದಿಯಲ್ಲಿ ಅವಿತು ಬದುಕಬಲ್ಲದು, ಕಣಜಕ್ಕೆ ಹೊಕ್ಕರೆ ದೇಶದ ಧಾನ್ಯ ರಫ್ತೇ ನಿಲ್ಲಬಹುದು. ಅದಕ್ಕೆ ಹೆದರಿಯೇ ಆಸ್ಟ್ರೇಲಿಯಾ 2020ರಿಂದ ಪ್ರಯಾಣಿಕರ ಸಾಮಾನಿನಲ್ಲಿ ಅಕ್ಕಿ, ತೊಗರಿ, ಹೆಸರು, ಕಡಲೆ, ಜೀರಿಗೆ, ಧನಿಯ, ಒಣ ಮೆಣಸಿನಕಾಯಿ ಇಂಥವನ್ನು ನಿಷೇಧಿಸಿತು. ಅಮೆರಿಕವೂ ಈ ದುಂಬಿ ಇರುವ ದೇಶಗಳಿಂದ ಅಕ್ಕಿಯನ್ನು ಕೈಸಾಮಾನಿನಲ್ಲಿ ತರಗೊಡುವುದಿಲ್ಲ. ಅಮ್ಮ ಅತ್ತು ಕಟ್ಟಿಕೊಟ್ಟರೂ ಬೇಳೆ ಗಂಟು ಬಿಟ್ಟು ಹೋಗಿ. ಉಳಿದ ತಿಂಡಿಯನ್ನು ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಬರೆದು ತೋರಿಸಿ. ತೋರಿಸಿದರೆ ಹೆಚ್ಚೆಂದರೆ ಕಿತ್ತುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ.

ಇದನ್ನು ‘ಅವರ ಅತಿ’ ಅನ್ನುವವರಿಗೆ ಊಜಿಯ ನೆನಪು ಮಾಡುತ್ತೇನೆ. ರೇಷ್ಮೆ ಹುಳದ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಒಳಗಿಂದ ತಿನ್ನುವ ಆ ನೊಣ ನಮ್ಮ ಸೀಮೆಯದಲ್ಲ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಗೂಡಿನ ಜೊತೆ ಕರ್ನಾಟಕಕ್ಕೆ ಬಂತು. ಇವತ್ತಿಗೂ ನಮ್ಮ ಹುಳಮನೆಗಳ ಕಿಟಕಿಗೆ ಜಾಲರಿ ಹೊಡೆದಿರುವುದು ಅದರ ದೆಸೆಯಿಂದ. ಒಂದು ಗೂಡಿನ ಮೂಟೆ, ನಲವತ್ತು ವರ್ಷದ ಕಾಟ.

ಹೊರಡುವ ಮುಂಚಿನ ಇನ್ನೊಂದು ಕೆಲಸ ಒಂದು ಸಂಜೆಯದು. ಹೋಗುತ್ತಿರುವ ದೇಶದ್ದಲ್ಲ, ಹೋಗುತ್ತಿರುವ ಊರಿನ ಐದು ಜೀವಿಗಳನ್ನು ಹುಡುಕಿ ಚಿತ್ರ ನೋಡಿಕೊಳ್ಳಿ. ಇಡೀ ಆಸ್ಟ್ರೇಲಿಯಾದ ಪಟ್ಟಿ ಓದಿದರೆ ಟಿಕೆಟ್ ಕ್ಯಾನ್ಸಲ್ ಮಾಡಿಸುತ್ತೀರಿ. ಮೊಸಳೆ ಇರುವುದು ಉತ್ತರದ ತುದಿಯಲ್ಲಿ. ಮೆಲ್ಬರ್ನಿನಲ್ಲಿ ಓದಲು ಹೋಗುವವರಿಗೆ ಅದು ಯಾಕೆ? ತುರ್ತು ನಂಬರುಗಳನ್ನು ಫೋನಿನಲ್ಲಿ ಹಾಕಿಕೊಳ್ಳಿ: ಅಮೆರಿಕದಲ್ಲಿ 911, ವಿಷದ ಸಲಹೆಗೆ 1-800-222-1222, ಆಸ್ಟ್ರೇಲಿಯಾದಲ್ಲಿ 000, ವಿಷದ ಸಲಹೆಗೆ 13 11 26. ಈ ವಿಷದ ಸಲಹೆಯವರು ನಿಜಕ್ಕೂ ಒಳ್ಳೆಯ ಜನ. ಕಚ್ಚಿದ್ದು ಏನೆಂದು ಗೊತ್ತಿಲ್ಲದಿದ್ದರೂ ಬೈಯುವುದಿಲ್ಲ.

ಹೆಜ್ಜೆ 2: ಮನೆ ಹಿಡಿದ ಮೊದಲ ವಾರ

ಸೂಟ್‌ಕೇಸನ್ನು ಹಾಸಿಗೆಯ ಮೇಲೆ ಇಡಬೇಡಿ. ಮೊದಲು ಹಾಸಿಗೆಯ ಮೂಲೆ ಎತ್ತಿ, ಹೊಲಿಗೆಯ ಸಾಲಿನಲ್ಲಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಸಾಸಿವೆಯಂಥ ಕಪ್ಪು ಕಲೆ ಕಂಡರೆ ತಿಗಣೆ. ತಿಗಣೆ ನಮಗೆ ಅಪರಿಚಿತವೇನಲ್ಲ, ಆದರೆ ಅಲ್ಲಿ ಬಿಸಿಲಿಗೆ ಮಂಚ ಹಾಕಿ ಕುದಿಯುವ ನೀರು ಹುಯ್ಯಲು ಅಂಗಳ ಇರುವುದಿಲ್ಲ. ನಾವು ಮೊದಲು ಹಿಡಿದ ಅಪಾರ್ಟ್‌ಮೆಂಟಿನ ಆಫೀಸಿನವರು ‘ನೀವೇ ತಂದಿರಬೇಕು’ ಅಂದುಬಿಟ್ಟರು. ಅದಕ್ಕೇ ಕೀಲಿ ಕೈಗೆ ಬಂದ ದಿನವೇ ಗೋಡೆ, ಹಾಸಿಗೆ, ಸಿಂಕಿನ ಕೆಳಗೆ ವಿಡಿಯೋ ಮಾಡಿ ಇಮೇಲಿನಲ್ಲಿ ಕಳಿಸಿ. ಬಟ್ಟೆಯನ್ನು ಡ್ರೈಯರಿನ ಹೆಚ್ಚಿನ ಬಿಸಿಗೆ ಅರ್ಧ ಗಂಟೆ ಹಾಕಿದರೆ ತಿಗಣೆಯೂ ಮೊಟ್ಟೆಯೂ ಸಾಯುತ್ತವೆ. ರಸ್ತೆ ಬದಿಯಲ್ಲಿ ‘ಫ್ರೀ’ ಅಂತ ಇಟ್ಟ ಸೋಫಾ ಎಷ್ಟು ಚೆಂದವಿದ್ದರೂ ಮುಟ್ಟಬೇಡಿ. ಹೊಸದಾಗಿ ಹೋದ ಪ್ರತಿಯೊಬ್ಬ ವಿದ್ಯಾರ್ಥಿಯೂ ಮುಟ್ಟುತ್ತಾನೆ.

ಉಳಿದದ್ದು ಬೇಗ ಹೇಳುತ್ತೇನೆ. ಬಾಗಿಲ ಕೆಳಗಿನ ಸಂದಿಗೆ ಪಟ್ಟಿ ಹಾಕಿಸಿ. ಶೂ ಹೊರಗಿಟ್ಟರೆ ಹಾಕಿಕೊಳ್ಳುವ ಮುಂಚೆ ಕೊಡವಿ. ಕಸದ ಡಬ್ಬಿಯ ಮುಚ್ಚಳ ಬಿಗಿ ಮಾಡಿ. ರಕೂನ್ ಅನ್ನುವ ಪ್ರಾಣಿಗೆ ನಮ್ಮ ನಂದಿಬೆಟ್ಟದ ಕೋತಿಯಷ್ಟೇ ಚುರುಕಾದ ಬೆರಳುಗಳಿವೆ, ಮುಚ್ಚಳ ತೆಗೆಯುವುದು ಅದಕ್ಕೆ ಆಟ.

ಹೆಜ್ಜೆ 3: ಕಂಡಾಗ ಮಾಡಬೇಕಾದ್ದು

ನಿಲ್ಲಿ. ಚಪ್ಪಲಿ ಕೈಗೆತ್ತಿಕೊಳ್ಳಬೇಡಿ. ಎರಡು ಮಾರು ದೂರದಿಂದ ಫೋಟೋ ತೆಗೆಯಿರಿ: ಮೇಲಿಂದ ಒಂದು, ಪಕ್ಕದಿಂದ ಒಂದು, ಅಳತೆಗೆ ಗೋಡೆಯ ಸ್ವಿಚ್ಚೋ ನೆಲದ ಟೈಲ್ಸೋ ಸೇರಿಕೊಂಡಿರುವ ಇನ್ನೊಂದು. ಐನ್ಯಾಚುರಲಿಸ್ಟ್ ಆ್ಯಪಿಗೆ ಹಾಕಿದರೆ ಹೆಸರು ಸೂಚಿಸುತ್ತದೆ, ಆಮೇಲೆ ಆ ಊರಿನ ಜನ ತಿದ್ದುತ್ತಾರೆ. ಯಂತ್ರ ಹೇಳಿದ ಹೆಸರನ್ನು ಕುತೂಹಲಕ್ಕೆ ನಂಬಿ, ಕೈಯಲ್ಲಿ ಹಿಡಿಯುವಷ್ಟು ನಂಬಬೇಡಿ. ಅಮೆರಿಕದಲ್ಲಿ ಬಹುತೇಕ ಪ್ರತಿ ಕೌಂಟಿಗೂ (ನಮ್ಮ ಜಿಲ್ಲೆಯಂಥದು) ಎಕ್ಸ್‌ಟೆನ್ಷನ್ ಆಫೀಸ್ ಇರುತ್ತದೆ, ನಮ್ಮ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರ ಇದ್ದಹಾಗೆ. ಸತ್ತ ಹುಳವನ್ನು ಡಬ್ಬಿಯಲ್ಲಿ ಒಯ್ದರೆ ಏನೆಂದು ಹೇಳುತ್ತಾರೆ.

ಕೆಲವು ಕಡೆ ಕೊಂದರೆ ಸರಿ, ಕೆಲವು ಕಡೆ ಕೊಂದರೆ ತಪ್ಪು. ಪೆನ್ಸಿಲ್ವೇನಿಯಾದಲ್ಲಿ 2014ರಲ್ಲಿ ಮೊದಲು ಕಂಡ ಲ್ಯಾಂಟರ್ನ್ ಫ್ಲೈ ಏಷ್ಯಾದಿಂದ ಹೋದ ಹುಳ, ಒಳರೆಕ್ಕೆ ಕುಂಕುಮ ಕೆಂಪು, ನೋಡಲು ಬಲು ಚೆಂದ. ದ್ರಾಕ್ಷಿ ತೋಟ ಹಾಳು ಮಾಡುತ್ತದೆಂದು ‘ಕಂಡಲ್ಲಿ ತುಳಿಯಿರಿ’ ಅಂತ ಅಲ್ಲಿಯ ಕೃಷಿ ಇಲಾಖೆಯೇ ಹೇಳಿತು. ಆದರೆ ಜರ್ಮನಿಯಲ್ಲಿ ದೊಡ್ಡ ಕಡಜವನ್ನು ಕೊಂದರೆ ದಂಡ, ಇಂಗ್ಲೆಂಡಿನಲ್ಲಿ ಅಟ್ಟದ ಮೇಲಿನ ಬಾವಲಿ ಗೂಡನ್ನು ಕೆಡಿಸಿದರೆ ಅಪರಾಧ, ಆಸ್ಟ್ರೇಲಿಯಾದಲ್ಲಿ ಹಾವು ಕೊಲ್ಲುವುದು ಕಾನೂನು ಬಾಹಿರ. ‘ಹಾವು ಕಂಡ್ರೆ ಹೊಡಿ’ ಅನ್ನುವ ಮಾತನ್ನು ಇಲ್ಲೇ ಬಿಟ್ಟು ಹೋಗಿ.

ಇನ್ನು ಕೆಲವನ್ನು ಕೊಂದರೆ ಅನುಭವಿಸುವವರು ನಾವೇ. ಸ್ಟಿಂಕ್ ಬಗ್ ಅಂತ ಗುರಾಣಿಯಂಥ ಕಂದು ತಿಗಣೆಜಾತಿ, ಚಳಿಗೆ ಮನೆಯೊಳಗೆ ಬಂದು ಪರದೆಯ ಮೇಲೆ ಕೂರುತ್ತದೆ. ಕಚ್ಚುವುದಿಲ್ಲ. ಹೊಸಕಿದರೆ ಮಾತ್ರ ಕೊತ್ತಂಬರಿ ಸೊಪ್ಪು ಕೊಳೆತಂಥ ವಾಸನೆ ಬೆರಳಿಂದ ಸಂಜೆವರೆಗೂ ಹೋಗುವುದಿಲ್ಲ. ಸೋಪಿನ ನೀರಿನ ಬಾಟಲಿಗೆ ತಟ್ಟಿ ಬೀಳಿಸಿ.

ಹೆಜ್ಜೆ 4: ಹೊರಗೆ ಸಾಗಿಸುವುದು

ಸಿಡ್ನಿಯಲ್ಲಿ ಒಂದು ರಾತ್ರಿ ಹಾಲ್‌ನ ಗೋಡೆಯ ಮೇಲೆ ಅಂಗೈಯಗಲದ ಜೇಡ. ಹಂಟ್ಸ್‌ಮನ್ ಅಂತ ಹೆಸರು. ಮಗ ಸೋಫಾ ಹತ್ತಿ ನಿಂತ, ಗಂಡ ಬೆಡ್‌ರೂಮಿನ ಬಾಗಿಲು ಹಾಕಿಕೊಂಡು ಒಳಗಿಂದ ಸಲಹೆ ಕೊಡತೊಡಗಿದರು. ಪಕ್ಕದ ಮನೆಯ ಅಜ್ಜಿ ಬಂದು, ಐಸ್‌ಕ್ರೀಮಿನ ಖಾಲಿ ಪ್ಲಾಸ್ಟಿಕ್ ಡಬ್ಬಿಯನ್ನು ಅದರ ಮೇಲೆ ಮೆತ್ತಗೆ ಕವುಚಿದರು. ಗೋಡೆಗೂ ಡಬ್ಬಿಗೂ ನಡುವೆ ರಟ್ಟಿನ ಕ್ಯಾಲೆಂಡರ್ ಹಾಳೆ ತೂರಿಸಿ, ಕಾಲು ಸಿಕ್ಕಿಕೊಳ್ಳದಂತೆ ನಿಧಾನಕ್ಕೆ ಸರಿಸಿ, ಡಬ್ಬಿ ಸಮೇತ ಬೇಲಿಯಾಚೆಗೆ ಬಿಟ್ಟರು. ‘ಜಿರಲೆ ಇದ್ದರೆ ಇದನ್ನು ಇಟ್ಟುಕೋ’ ಅಂದರು, ತಮಾಷೆಗಲ್ಲ. ಡಬ್ಬಿ ಜೇಡನ ಕಾಲಿಗಿಂತ ಅಗಲ ಇರಬೇಕು, ಪಾರದರ್ಶಕ ಇರಬೇಕು. ಕಾಫಿ ಲೋಟದಲ್ಲಿ ಸಾಹಸಕ್ಕೆ ಹೋಗಬೇಡಿ. ಅದರ ಕಡಿತ ನೋಯುತ್ತದೆ, ಪ್ರಾಣಕ್ಕೇನಿಲ್ಲ. ನಿಜವಾದ ಅಪಾಯ ಕಾರಿನಲ್ಲಿ: ಬಿಸಿಲಿಗೆ ಮರೆ ಮಾಡುವ ಪಟ್ಟಿ ಇಳಿಸಿದಾಗ ತೊಡೆಯ ಮೇಲೆ ಬಿದ್ದರೆ ಗಾಬರಿಯಲ್ಲಿ ಸ್ಟೇರಿಂಗ್ ಬಿಡುತ್ತೀರಿ. ಏನೇ ಬೀಳಲಿ, ಗಾಡಿ ಮೊದಲು ಬದಿಗೆ.

ಈ ಡಬ್ಬಿಯ ಉಪಾಯವನ್ನು ಸಿಡ್ನಿಯ ಕಪ್ಪು ಹೊಳಪಿನ ಗಿಡ್ಡ ಜೇಡ ಫನೆಲ್‌ವೆಬ್ ಮೇಲೆ ಮಾಡಬೇಡಿ. ನೋಡಲು ಹಂಟ್ಸ್‌ಮನ್‌ನ ಅರ್ಧವೂ ಇಲ್ಲ, ವಿಷ ಮಾತ್ರ ಜಗತ್ತಿನಲ್ಲೇ ಕೆಟ್ಟದ್ದರ ಸಾಲಿನಲ್ಲಿ. ಮಳೆ ಬಿದ್ದ ಬಿಸಿ ದಿನಗಳಲ್ಲಿ ಗಂಡು ಜೇಡಗಳು ಅಲೆಯುತ್ತವೆ, ಈಜುಕೊಳದ ತಳದಲ್ಲಿ ಸತ್ತಂತೆ ಬಿದ್ದಿದ್ದರೂ ಗಂಟೆಗಟ್ಟಲೆ ಬದುಕಿರುತ್ತವೆ. 1981ರಲ್ಲಿ ಪ್ರತಿವಿಷ ಬಂದ ಮೇಲೆ ಇದರಿಂದ ಸಾವು ದಾಖಲಾಗಿಲ್ಲ ಅನ್ನುವುದು ಸಮಾಧಾನ.

ಹೆಜ್ಜೆ 5: ಕಚ್ಚಿದರೆ

ಊರಿನ ಮದ್ದು ಅತಿ ಹೆಚ್ಚು ಕೆಡುಕು ಮಾಡುವುದು ಇಲ್ಲೇ, ಅದಕ್ಕೆ ಸಾವಕಾಶವಾಗಿ ಓದಿ.

ಮೈಗೆ ಅಂಟಿ ರಕ್ತ ಹೀರುವ ಉಣ್ಣೆಯಿಂದ (ಟಿಕ್) ಶುರು ಮಾಡೋಣ. ಮೊಣಕಾಲಿನ ಹಿಂದಿನ ಆ ಕಪ್ಪು ಚುಕ್ಕೆಗೆ ಕಾಲು ಬಂದದ್ದು ಮೂರನೇ ದಿನ ಸ್ನಾನದಲ್ಲಿ ಗೊತ್ತಾಯಿತು. ಅಮ್ಮನಿಗೆ ಫೋನ್ ಮಾಡಿದೆ. ‘ಹಸುಗೆ ಮಾಡೋ ಹಂಗೇ, ಸೀಮೆಎಣ್ಣೆ ಹಚ್ಚು, ತಾನೇ ಉದುರ್ತದೆ’ ಅಂದಳು. ಸೀಮೆಎಣ್ಣೆ, ಬೆಂಕಿಕಡ್ಡಿ, ಸುಣ್ಣ, ವ್ಯಾಸಲೀನ್ ಯಾವುದೂ ಬೇಡ. ಕೆಣಕಿದರೆ ಅದು ಹೊಟ್ಟೆಯಲ್ಲಿದ್ದುದನ್ನು ನಮ್ಮ ರಕ್ತಕ್ಕೇ ಕಕ್ಕಬಹುದು. ಚೂಪು ತುದಿಯ ಚಿಮಟ ತೆಗೆದುಕೊಂಡು, ಉಣ್ಣೆಯ ಹೊಟ್ಟೆ ಹಿಡಿಯದೆ, ಚರ್ಮಕ್ಕೆ ತಾಗಿಕೊಂಡಿರುವ ಬಾಯಿಯ ಹತ್ತಿರ ಹಿಡಿಯಬೇಕು. ತಿರುಚದೆ, ಜಗ್ಗದೆ, ನೇರ ಮೇಲಕ್ಕೆ ಒಂದೇ ಸಮನೆ ಎಳೆಯಬೇಕು. ಚರ್ಮ ಗುಡಾರದ ಹಾಗೆ ಮೇಲೇಳುತ್ತದೆ, ಒಂದು ಕ್ಷಣ ಹಾಗೇ ನಿಲ್ಲಿಸಿ, ಬಿಟ್ಟುಕೊಳ್ಳುತ್ತದೆ. ಸೋಪಿನಿಂದ ತೊಳೆದು, ಉಣ್ಣೆಯನ್ನು ಸೆಲ್ಲೋಟೇಪಿನಲ್ಲಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದಿಡಿ. ನಾನು ಪಂಚಾಂಗದ ಹಾಳೆಗೇ ಅಂಟಿಸಿದ್ದೆ.

ನಮಗೆ ಉಣ್ಣೆ ಅಂದರೆ ಮಲೆನಾಡಿನ ಮಂಗನ ಕಾಯಿಲೆ ನೆನಪಾಗುತ್ತದೆ. ಅಮೆರಿಕದಲ್ಲಿ ಅದು ಹರಡುವುದು ಲೈಮ್ ಕಾಯಿಲೆ. ಕನೆಕ್ಟಿಕಟ್‌ನ ಲೈಮ್ ಅನ್ನುವ ಊರಿನಿಂದ ಬಂದ ಹೆಸರು. ಸೋಂಕಿರುವ ಉಣ್ಣೆಯೂ ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಅಂಟಿಕೊಂಡಿದ್ದರೆ ಮಾತ್ರ ಕಾಯಿಲೆ ದಾಟಿಸುತ್ತದೆ. ಹಾಗಾಗಿ ಹುಲ್ಲಿನಲ್ಲಿ ಓಡಾಡಿ ಬಂದ ಸಂಜೆಯೇ ಕಂಕುಳು, ಹೊಕ್ಕುಳು, ಕಿವಿಯ ಹಿಂದೆ, ಮೊಣಕಾಲಿನ ಸಂದು, ಮಕ್ಕಳ ತಲೆಗೂದಲು ತಡವಿ ನೋಡಿದರೆ ಮುಕ್ಕಾಲು ಗೆದ್ದಂತೆ. 3ರಿಂದ 30 ದಿನದೊಳಗೆ ಉಂಗುರದಂತೆ ಅಗಲವಾಗುವ ಕೆಂಪು ಕಲೆ, ಜ್ವರ, ಮೈಕೈ ನೋವು ಬಂದರೆ ಡಾಕ್ಟರ ಹತ್ತಿರ ಹೋಗಿ. ಬೇಗ ಹಿಡಿದರೆ ಆ್ಯಂಟಿಬಯೋಟಿಕ್‌ಗೆ ಬಗ್ಗುತ್ತದೆ. ನನಗೆ ಕಲೆ ಬರಲಿಲ್ಲ. ಆ ಮೂವತ್ತು ದಿನ ನಿದ್ದೆಯೂ ಬರಲಿಲ್ಲ.

ಇಷ್ಟು ಕಲಿತು ಜಾಣೆಯಾಗಿ ಸಿಡ್ನಿಗೆ ಹೋದೆನಾ, ಅಲ್ಲಿ ಕಿವಿಯ ಹಿಂದೆ ಮತ್ತೊಂದು ಉಣ್ಣೆ. ಚಿಮಟ ಹಿಡಿದು ಕೂತಾಗ ಅದೇ ಪಕ್ಕದ ಮನೆಯ ಅಜ್ಜಿ ತಡೆದರು. ಪೂರ್ವ ಕರಾವಳಿಯ ಉಣ್ಣೆ ಬೇರೆ ಜಾತಿ, ಕೆಲವರಿಗೆ ವಿಪರೀತ ಅಲರ್ಜಿ ಮಾಡುತ್ತದೆ, ಹಿಂಡಿದರೆ ಅಪಾಯ. ಅಲ್ಲಿಯ ಸಲಹೆ: ಔಷಧದ ಅಂಗಡಿಯಲ್ಲಿ ಸಿಗುವ ಈಥರ್ ಸ್ಪ್ರೇ ಹೊಡೆದು ಕೂತಲ್ಲೇ ಹೆಪ್ಪುಗಟ್ಟಿಸಿ ಕೊಂದು, ತಾನಾಗಿ ಉದುರಲು ಬಿಡಬೇಕು. ಅಮ್ಮನದೊಂದು ಮದ್ದು, ನ್ಯೂಜೆರ್ಸಿಯದೊಂದು, ಸಿಡ್ನಿಯದೊಂದು. ಉಣ್ಣೆಯದೇ ಈ ಪಾಡಾದರೆ ಉಳಿದದ್ದರ ಗತಿ ಏನು ಹೇಳಿ.

ಹಾವಿನದೂ ಹೀಗೇ. ನಮ್ಮಲ್ಲಿ ಈಗ ಹೇಳುವುದು: ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಮೂಳೆ ಮುರಿದವರಂತೆ ಕೈಕಾಲು ಅಲ್ಲಾಡದ ಹಾಗೆ ಇಟ್ಟು ಆಸ್ಪತ್ರೆಗೆ ಸಾಗಿಸಿ. ಆಸ್ಟ್ರೇಲಿಯಾದ ಹಾವಿಗೂ ಫನೆಲ್‌ವೆಬ್ ಜೇಡಕ್ಕೂ ಅಗಲದ ಎಲಾಸ್ಟಿಕ್ ಬ್ಯಾಂಡೇಜನ್ನು ಉಳುಕಿದ ಕಾಲಿಗೆ ಸುತ್ತುವ ಬಿಗಿಯಲ್ಲಿ ಇಡೀ ಕೈಗೋ ಕಾಲಿಗೋ ಸುತ್ತಿ, ಅಲ್ಲಾಡದಂತೆ ಮರದ ಪಟ್ಟಿ ಕಟ್ಟಿ, ಮಲಗಿದಲ್ಲೇ ಆಂಬುಲೆನ್ಸ್‌ಗೆ ಕಾಯುತ್ತಾರೆ. ಕಚ್ಚಿದ ಜಾಗ ತೊಳೆಯುವುದಿಲ್ಲ. ಚರ್ಮದ ಮೇಲೆ ಉಳಿದ ವಿಷದಿಂದಲೇ ಯಾವ ಪ್ರತಿವಿಷ ಅಂತ ನೋಡುತ್ತಾರೆ. ಆದರೆ ಅದೇ ದೇಶದ ಕೆಂಪು ಬೆನ್ನಿನ ರೆಡ್‌ಬ್ಯಾಕ್ ಜೇಡ ಕಚ್ಚಿದರೆ ಬ್ಯಾಂಡೇಜ್ ಸುತ್ತಬಾರದು, ನೋವು ಹೆಚ್ಚುತ್ತದೆ; ಐಸ್ ಇಟ್ಟು ಡಾಕ್ಟರಿಗೆ ತೋರಿಸಬೇಕು. ಅಮೆರಿಕದ, ಬಾಲದಲ್ಲಿ ಗಿಲಕಿ ಆಡಿಸುವ ರ್‍ಯಾಟಲ್ ಹಾವಿಗೆ ಬ್ಯಾಂಡೇಜೂ ಇಲ್ಲ, ಐಸೂ ಇಲ್ಲ. ಉಂಗುರ, ವಾಚ್ ತೆಗೆದು 911.

ಬಾವಲಿಯ ಬಗ್ಗೆ ನಾವು ತೀರಾ ಉದಾಸೀನ. ಮುಳಬಾಗಿಲು ಕಡೆಯ ಹನುಮನಹಳ್ಳಿಯ ಗುಹೆಯಲ್ಲಿ, ಬೇರೆಲ್ಲೂ ಕಾಣದ ‘ಕೋಲಾರ ಎಲೆಮೂಗಿನ ಬಾವಲಿ’ ಬದುಕಿದೆ. ನಮ್ಮ ಜಿಲ್ಲೆಗಳಲ್ಲೇ ಎಷ್ಟು ಜನಕ್ಕೆ ಗೊತ್ತು? ನಾಯಿ ಕಚ್ಚಿದರೆ ಮಾತ್ರ ಹುಚ್ಚು ಅನ್ನುವುದು ನಮ್ಮ ಲೆಕ್ಕ. ಅಮೆರಿಕದಲ್ಲಿ ಮನುಷ್ಯರಿಗೆ ರೇಬೀಸ್ ಬರುವುದು ಹೆಚ್ಚಾಗಿ ಬಾವಲಿಯಿಂದ, ಅದರ ಹಲ್ಲಿನ ಗುರುತು ಕಣ್ಣಿಗೂ ಕಾಣದಷ್ಟು ಸಣ್ಣದು. ಮಲಗಿ ಎದ್ದ ಕೋಣೆಯಲ್ಲಿ ಬಾವಲಿ ಕಂಡರೆ ಓಡಿಸಬೇಡಿ, ಕೋಣೆ ಮುಚ್ಚಿ ಆರೋಗ್ಯ ಇಲಾಖೆಗೆ ಫೋನ್ ಮಾಡಿ. ಅದನ್ನು ಹಿಡಿದು ಪರೀಕ್ಷಿಸುತ್ತಾರೆ. ತರಚಿದ್ದರೆ 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ರೇಬೀಸ್ ಇಲ್ಲದ ಆಸ್ಟ್ರೇಲಿಯಾದಲ್ಲೂ ಬಾವಲಿಗೆ ಅದರ ಅಣ್ಣತಮ್ಮನಂಥ ವೈರಸ್ ಇದೆ.

ಕೊಲ್ಲಿ ದೇಶಗಳಿಗೆ ಹೋಗುವವರಿಗೆ ಮಾತ್ರ ಊರಿನ ಚೇಳಿನ ಪಾಠ ಉಪಯೋಗಕ್ಕೆ ಬರುತ್ತದೆ: ಮುಂದಿನ ಇಕ್ಕಳ ತೆಳು, ಬಾಲ ದಪ್ಪ ಇದ್ದರೆ ಹೆದರಿ. ಜೇಡದಂತೆ ಕಾಣುವ ‘ಕ್ಯಾಮೆಲ್ ಸ್ಪೈಡರ್’ ನೋಡಲು ಭೂತ, ವಿಷವಿಲ್ಲ. ಒಂಟೆಯ ಹಸಿ ಹಾಲು ಕುಡಿಯಬೇಡಿ. 2012ರಲ್ಲಿ ಸೌದಿಯಲ್ಲಿ ಪತ್ತೆಯಾದ ಮರ್ಸ್ ಎಂಬ ಉಸಿರಾಟದ ರೋಗ ಒಂಟೆಯಿಂದ ಬರುತ್ತದೆ.

ಫೋನಿನಲ್ಲಿ ಹೇಳುವಾಗ ಒಂದು ಎಚ್ಚರ. ನಮ್ಮ ಹಿರಿಯರು ರಾತ್ರಿ ಹಾವಿನ ಹೆಸರು ಎತ್ತುವುದಿಲ್ಲ, ‘ಹುಳ ಮುಟ್ಟಿತು’ ಅನ್ನುತ್ತಾರೆ. ನೀವು ಅದನ್ನು ಹಾಗೇ ಇಂಗ್ಲಿಷಿಗೆ ತಿರುಗಿಸಿ ‘ವರ್ಮ್’ ಅಂದರೆ ಆ ಕಡೆಯವರು ಆಂಬುಲೆನ್ಸ್ ಕಳಿಸುವುದಿಲ್ಲ. ಹಾವೋ, ಜೇಡವೋ, ಉಣ್ಣೆಯೋ, ಜೇನೋ, ಅದರ ಹೆಸರು ಹೇಳಿ. ಎಷ್ಟು ಹೊತ್ತಾಯಿತು, ಎಲ್ಲಿ ಕಚ್ಚಿತು, ಉಸಿರು ಹೇಗಿದೆ, ಇಷ್ಟು ಸಾಕು.

ಹೆಜ್ಜೆ 6: ನಾಲ್ಕು ಕಾಲಿನವು, ರೆಕ್ಕೆಯವು

ತಿನ್ನಿಸಬೇಡಿ. ಅಂತರಗಂಗೆಯಲ್ಲಿ ಕೋತಿಗೆ ಕಡ್ಲೆಕಾಯಿ ಕೊಟ್ಟು ಬೆಳೆದ ಕೈ ಸುಮ್ಮನಿರುವುದಿಲ್ಲ, ಗೊತ್ತು. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಕಾಡೆಮ್ಮೆಯಿಂದ (ಬೈಸನ್) ಕನಿಷ್ಠ 23 ಮೀಟರ್, ಕರಡಿ ತೋಳಗಳಿಂದ 91 ಮೀಟರ್ ದೂರ ಇರಬೇಕು ಅಂತ ನಿಯಮ. ಕಾಡೆಮ್ಮೆ ನಮ್ಮ ಎಮ್ಮೆಯ ಥರ ಮೆಲುಕು ಹಾಕುತ್ತ ಮಲಗಿರುತ್ತದೆ, ಎದ್ದರೆ ನಿಮಗಿಂತ ಮೂರು ಪಟ್ಟು ವೇಗ. ಕರಿಕರಡಿ ಎದುರಾದರೆ ಬೆನ್ನು ತೋರಿಸಿ ಓಡಬೇಡಿ, ಕೈ ಎತ್ತಿ ದೊಡ್ಡದಾಗಿ ಕಾಣಿಸಿಕೊಂಡು ಜೋರಾಗಿ ಮಾತಾಡುತ್ತ ಹಿಂದೆ ಸರಿಯಿರಿ. ಕನ್ನಡದಲ್ಲೇ ಮಾತಾಡಬಹುದು.

ಸ್ಕಂಕ್ ಕಪ್ಪು ಬಿಳಿ ಪಟ್ಟೆಯ ಬೆಕ್ಕಿನಂತಿರುತ್ತದೆ. ನೆಲ ಒದೆದು ಬಾಲ ಎತ್ತಿ ಗಬ್ಬು ನಾರುವ ರಸ ಹಾರಿಸಿದರೆ ನಿಮ್ಮ ಕಥೆ ಮುಗಿಯಿತು. ಟೊಮ್ಯಾಟೊ ರಸದಿಂದ ವಾಸನೆ ಹೋಗುವುದಿಲ್ಲ. ಒಂದು ಲೀಟರಿನಷ್ಟು 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್, ಕಾಲು ಕಪ್ ಅಡುಗೆ ಸೋಡ, ಒಂದೆರಡು ಚಮಚ ಪಾತ್ರೆ ಸೋಪು ಬೇಕಾದಾಗಲೇ ಬೆರೆಸಿ ತೊಳೆಯಿರಿ. ಉಳಿದರೆ ಚೆಲ್ಲಿಬಿಡಿ, ಬಾಟಲಿಗೆ ಹಾಕಿ ಮುಚ್ಚಿದರೆ ಸಿಡಿಯುತ್ತದೆ.

ಮ್ಯಾಗ್‌ಪೈ ಆಸ್ಟ್ರೇಲಿಯಾದ ಕಪ್ಪು ಬಿಳಿ ಹಕ್ಕಿ. ಆಗಸ್ಟ್‌ನಿಂದ ನವೆಂಬರ್‌ವರೆಗೆ ಗೂಡು ಕಾಯುವ ಗಂಡುಗಳಲ್ಲಿ ಕೆಲವು ಹಿಂದಿನಿಂದ ಬಂದು ತಲೆಗೆ ಕುಕ್ಕುತ್ತವೆ, ಸೈಕಲ್ಲಿನವರನ್ನು ಕಂಡರಂತೂ ಬಿಡುವುದಿಲ್ಲ. ಮುಖ ನೆನಪಿಟ್ಟುಕೊಳ್ಳುತ್ತವೆ, ಜಗಳ ಆಡಬೇಡಿ. ಟೋಪಿ, ಕನ್ನಡಕ ಹಾಕಿ, ಸೈಕಲ್ ಇಳಿದು ನಡೆಯಿರಿ, ಸಾಧ್ಯವಿದ್ದರೆ ಬೇರೆ ರಸ್ತೆ ಹಿಡಿಯಿರಿ. ನಾನು ಮಗನನ್ನು ಶಾಲೆಗೆ ಬಿಡಲು ಎರಡು ತಿಂಗಳು ಕೊಡೆ ಬಿಚ್ಚಿಕೊಂಡು ಓಡಾಡಿದ್ದೇನೆ, ಬಿಸಿಲು ಮಳೆ ಎರಡೂ ಇಲ್ಲದ ದಿನವೂ.

ಕಾರು ಓಡಿಸುವವರಿಗೆ: ಮುಸ್ಸಂಜೆಯಲ್ಲಿ ಒಂದು ಜಿಂಕೆ ದಾಟಿದರೆ ಹಿಂದೆ ಇನ್ನೊಂದು ಇದೆ ಅಂತಲೇ ತಿಳಿಯಿರಿ. ಕಾಂಗರೂ ಕೂಡ ಅಷ್ಟೇ.

ಹೆಜ್ಜೆ 7: ಅಪ್ಪ ಅಮ್ಮ ನೋಡಲು ಬಂದಾಗ

ಇವರದೇ ದೊಡ್ಡ ತಲೆನೋವು. ಬರಿಗಾಲಲ್ಲಿ ಹುಲ್ಲಿಗೆ ಇಳಿಯುತ್ತಾರೆ, ಕಾಗೆಗೆ ಅಂತ ಬಾಲ್ಕನಿಯಲ್ಲಿ ಅನ್ನ ಇಡುತ್ತಾರೆ, ಇಲಿ ಬರುತ್ತದೆ, ಅಪಾರ್ಟ್‌ಮೆಂಟಿನ ಆಫೀಸಿನಿಂದ ನೋಟಿಸ್ ಬರುತ್ತದೆ. ಟೆಕ್ಸಾಸಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳ ಮನೆಗೆ ಹೋದ ಅತ್ತೆ ಹಿತ್ತಲಿನ ಇರುವೆ ಗುಡ್ಡೆಗೆ ಸಕ್ಕರೆ ಹಾಕಲು ಹೋಗಿ ಅದರ ಮೇಲೆಯೇ ನಿಂತರು. ಅದು ದಕ್ಷಿಣ ಅಮೆರಿಕದಿಂದ ಬಂದ ಬೆಂಕಿ ಇರುವೆ. ಮಾರನೆ ದಿನ ಪಾದದ ತುಂಬ ಕೀವಿನ ಗುಳ್ಳೆ. ಒಡೆಯಬಾರದು, ತೊಳೆದು ಐಸ್ ಇಡಬೇಕು. ಮುಖ ಊದಿದರೆ, ಉಸಿರು ಕಟ್ಟಿದರೆ ತಕ್ಷಣ 911. ಬಂದ ದಿನವೇ ಅವರಿಗೊಂದು ಜೊತೆ ಮುಚ್ಚಿದ ಶೂ ಕೊಡಿಸಿ, ನಂಬರುಗಳನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಫ್ರಿಜ್ ಮೇಲೆ ಅಂಟಿಸಿ.

ಹೆಜ್ಜೆ 8: ವಾಪಸ್ ಬರುವಾಗ

ಸೂಟ್‌ಕೇಸಿನ ಹೊಲಿಗೆಗೆ ಮತ್ತೆ ಟಾರ್ಚ್ ಬಿಡಿ, ಶೂ ತಳದ ಮಣ್ಣು ತೊಳೆಯಿರಿ, ಹೂವಿನ ಬೀಜ ಪೊಟ್ಟಣ ತರಬೇಡಿ. ಊರಿಗೆ ಬಂದು ತಿಂಗಳೊಳಗೆ ಜ್ವರವೋ ಕಲೆಯೋ ಕಂಡರೆ, ಇಲ್ಲಿಯ ಡಾಕ್ಟರ್ ಮೊದಲು ಡೆಂಗಿ ಪರೀಕ್ಷೆ ಬರೆಯುತ್ತಾರೆ, ತಪ್ಪೇನಿಲ್ಲ. ಆದರೆ ಯಾವ ದೇಶದ ಯಾವ ಊರಿನಲ್ಲಿದ್ದಿರಿ, ಹುಲ್ಲಿನಲ್ಲಿ ಓಡಾಡಿದಿರಾ, ಏನಾದರೂ ಕಚ್ಚಿತ್ತಾ ಅನ್ನುವುದನ್ನು ಅವರು ಕೇಳುವ ಮುಂಚೆ ನೀವೇ ಹೇಳಿ. ಟೇಪಿನಲ್ಲಿ ಅಂಟಿಸಿ ತಾರೀಖು ಬರೆದ ಉಣ್ಣೆ ಇದ್ದರೆ ಅದರ ಫೋಟೋ ತೋರಿಸಿ.